ಸ್ಯಾಂಕಿ ಕೆರೆ ಬರೀ ವಾಕಿಂಗ್‌ಗಲ್ಲ!

ವೀಕೆಂಡ್ ಬಂತಂದ್ರೆ ನಂದಿಬೆಟ್ಟದ ಟ್ರಾಫಿಕ್‌ನಲ್ಲಿ ಸಿಕ್ಕಿಹಾಕಿಕೊಳ್ಳುವ ಬದಲು ಒಂದು ಬೆಳಗ್ಗೆ ಬೆಂಗಳೂರಿನ ಸ್ಯಾಂಕಿ ಕೆರೆಗೆ ಬನ್ನಿ. ಮಲ್ಲೇಶ್ವರ, ಸದಾಶಿವನಗರದ ನಡುವಿನ ಈ ನೀರಿನಂಗಳದಲ್ಲಿ ನೀರುಕಾಗೆ ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುತ್ತಿರುತ್ತೆ, ಮಿಂಚುಳ್ಳಿ ಸರ್ರಂತ ನೀರಿಗೆ ಧುಮುಕುತ್ತೆ.

ಕರ್ನಲ್ ರಿಚರ್ಡ್ ಸ್ಯಾಂಕಿ 1882ರಲ್ಲಿ ಇದನ್ನು ಕಟ್ಟಿಸಿದ್ದು ಅಂದಕ್ಕಲ್ಲ, ನೀರಿಗೆ. 1870ರ ದಶಕದ ಭೀಕರ ಬರ ಕಲಿಸಿದ ಪಾಠ ಅದು. ಹತ್ತಿರದಲ್ಲೇ ಸರ್ಕಾರಿ ಗಂಧದ ಡಿಪೋ ಇದ್ದುದರಿಂದ ಜನ ಇದನ್ನು ‘ಗಂಧದಕೋಟಿ ಕೆರೆ’ ಅಂತಲೂ ಕರೆದರು.

ಕೆರೆ ಸುತ್ತಿ ಮುಗಿಸಿ ಕಾಡು ಮಲ್ಲೇಶ್ವರ ದೇವಸ್ಥಾನದ ಕಡೆ ನಡೆಯಿರಿ. ಎದುರಿನ ನಂದಿತೀರ್ಥದಲ್ಲಿ ನಂದಿಯ ಬಾಯಿಂದ ಇಳಿಯುವ ಒರತೆ ನೀರು ಶಿವಲಿಂಗಕ್ಕೆ ಅಭಿಷೇಕವಾಗಿ ಕಲ್ಯಾಣಿ ಸೇರುತ್ತೆ. ಮಣ್ಣಲ್ಲಿ ಹೂತುಹೋಗಿದ್ದ ಈ ತೀರ್ಥ ಬೆಳಕಿಗೆ ಬಂದದ್ದು 1990ರ ದಶಕದ ಕೊನೆಯಲ್ಲಿ. ವೃಷಭಾವತಿ ಹುಟ್ಟುವುದು ಇಲ್ಲೇ ಅನ್ನೋ ನಂಬಿಕೆಯೂ ಇದೆ. ಕಾರ್ತಿಕದಲ್ಲಿ ಇಲ್ಲೂ ಕಡಲೆಕಾಯಿ ಪರಿಷೆ ನಡೆಯುತ್ತೆ.

ಒರತೆಯ ‘ಬ್ಯಾಕೆಂಡ್’ ಸಿಂಪಲ್: ನೆಲಕ್ಕಿಳಿದ ಮಳೆ. ಇಳಿಯೋಕೆ ಮಣ್ಣೇ ಇಲ್ಲದಿದ್ದರೆ? ಒಂದು ಕಾಲದಲ್ಲಿ ಊರಿಗೆ ನೀರು ಕೊಟ್ಟ ಧರ್ಮಾಂಬುಧಿ ಕೆರೆ ಇವತ್ತು ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್.

ಹಾಗಾಗಿ ಸೆಲ್ಫಿ ತೆಗೆದುಕೊಳ್ಳಿ, ಬೇಡ ಅನ್ನಲ್ಲ. ಮನೆಗೆ ಹೋದ ಮೇಲೆ ನಿಮ್ಮ ಅಪಾರ್ಟ್‌ಮೆಂಟಿನ ಇಂಗುಗುಂಡಿಗೆ ಮಳೆನೀರು ನಿಜವಾಗಿ ಹೋಗ್ತಿದೆಯಾ ಅಂತಲೂ ಒಮ್ಮೆ ನೋಡಿ.