ಗೋಡೆಯ ಗಡಿಯಾರ, ಒಡಲಿನ ಗಡಿಯಾರ

ಹಾವೇರಿಯಲ್ಲಿ ಗಡಿಯಾರ 12 ಹೊಡೆದಾಗ ಸೂರ್ಯ ಇನ್ನೂ ನೆತ್ತಿಗೆ ಬಂದಿರುವುದಿಲ್ಲ. ಭಾರತದ ಕಾಲಮಾನವನ್ನು ಎಣಿಸುವುದು 82.5 ಡಿಗ್ರಿ ಪೂರ್ವ ರೇಖಾಂಶದಿಂದ. ಅದು ಉತ್ತರ ಪ್ರದೇಶದ ಮಿರ್ಜಾಪುರದ ಬಳಿ ಹಾದುಹೋಗುತ್ತದೆ. ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳಿರುವುದು 75.5 ಡಿಗ್ರಿಯ ಆಸುಪಾಸಿನಲ್ಲಿ. ಒಂದು ಡಿಗ್ರಿ ತಿರುಗಲು ಭೂಮಿಗೆ 4 ನಿಮಿಷ ಬೇಕು. ಹಾಗಾಗಿ ಈ ಊರುಗಳ ಸೂರ್ಯ ಕೈಗಡಿಯಾರಕ್ಕಿಂತ ಸರಾಸರಿ 28 ನಿಮಿಷ ಹಿಂದೆ.

1906ರಲ್ಲಿ ಈ ಏಕರೂಪ ಕಾಲಮಾನ ಜಾರಿಗೆ ಬಂತು. ಕಚೇರಿ, ಶಾಲೆಗಳು ಅದಕ್ಕೆ ಹೊಂದಿಕೊಂಡವು. ದೇಹ ಮಾತ್ರ ಇಂದಿಗೂ ಬೆಳಕನ್ನು ನೋಡಿಯೇ ವೇಳೆ ಸರಿಪಡಿಸಿಕೊಳ್ಳುತ್ತದೆ. ಮಿದುಳಿನ ತಳದಲ್ಲಿ, ಎರಡು ಕಣ್ಣುಗಳ ನರಗಳು ಸಂಧಿಸುವೆಡೆ, ಸುಮಾರು 20 ಸಾವಿರ ನರಕೋಶಗಳ ಪುಟ್ಟ ಗುಂಪೊಂದಿದೆ. ಇದೇ ನಮ್ಮ ಜೈವಿಕ ಗಡಿಯಾರ. ನಿದ್ದೆ, ಹಸಿವು, ಮೈಶಾಖಗಳಿಗೆ ಹೊತ್ತು ಗೊತ್ತುಮಾಡುವುದು ಇದೇ. ಇಂಥ ಗಡಿಯಾರದ ಒಳಗುಟ್ಟನ್ನು ಹಣ್ಣಿನ ನೊಣಗಳಲ್ಲಿ ಬಿಡಿಸಿ ತೋರಿಸಿದ ಅಮೆರಿಕದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಂತು.

ಆದರೆ ಎಷ್ಟು ಹೊತ್ತಾಯಿತು ಎಂಬ ಅನಿಸಿಕೆ ಬೇರೆಯೇ ಸಂಗತಿ. 1962ರಲ್ಲಿ ಫ್ರಾನ್ಸಿನ ಮಿಶೆಲ್ ಸಿಫ್ರ್ ಗಡಿಯಾರವಿಲ್ಲದೆ ಎರಡು ತಿಂಗಳು ಗುಹೆಯೊಳಗಿದ್ದರು. ಹೊರಬಂದದ್ದು ಸೆಪ್ಟೆಂಬರ್ 14ರಂದು. ಅವರ ಲೆಕ್ಕದಲ್ಲಿ ಅದಿನ್ನೂ ಆಗಸ್ಟ್ 20! ಎರಡು ನಿಮಿಷ ಎಣಿಸಲು ಹೇಳಿದರೆ ಐದು ನಿಮಿಷ ತೆಗೆದುಕೊಂಡರು. ಆದರೂ ಅವರ ನಿದ್ದೆ-ಎಚ್ಚರಗಳ ಚಕ್ರ 24 ಗಂಟೆಗೆ ಹತ್ತಿರವೇ ಇತ್ತು. ದೇಹ ದಿನವನ್ನು ಮರೆಯಲಿಲ್ಲ, ಮನಸ್ಸು ಮರೆಯಿತು.

ಇವೆರಡಕ್ಕೂ ನಂಟಿಲ್ಲದಿಲ್ಲ. 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಹೋಗ್ಲಂಡ್ ಜ್ವರ ಬಂದ ಹೆಂಡತಿಗೆ ಒಂದು ನಿಮಿಷ ಎಣಿಸಲು ಹೇಳಿದರು. ಜ್ವರ ಏರಿದಷ್ಟೂ ಆಕೆಯ ಎಣಿಕೆ ಬೇಗ ಮುಗಿಯುತ್ತಿತ್ತು. ಮೈ ಬಿಸಿಯಾದರೆ ಒಳಗಿನ ಎಣಿಕೆ ಚುರುಕು, ತಣ್ಣಗಾದರೆ ಮಂದ. ಜ್ವರವಿಲ್ಲದವರಲ್ಲೂ ಮೈಶಾಖ ಸಂಜೆ ಹೆಚ್ಚು, ಬೆಳಗಿನ ಜಾವ ಅತಿ ಕಡಿಮೆ.

ಬ್ಯಾಡಗಿ ಪೇಟೆಯ ಮೆಣಸಿನಕಾಯಿ ಹೇರಿಕೊಂಡು ರಾತ್ರಿಯಿಡೀ ಸಾಗುವ ಲಾರಿ ಚಾಲಕನಿಗೂ, ರಾತ್ರಿ ಬರುವ ತ್ರೀ ಫೇಸ್ ಕರೆಂಟಿಗೆ ಕಾದು ಪಂಪ್‌ಸೆಟ್ ಹಾಕುವ ರೈತನಿಗೂ ಇದು ಬರಿಯ ಕುತೂಹಲವಲ್ಲ. ಜಾವದ ಮೂರರಿಂದ ಐದರವರೆಗೆ ಒಡಲಿನ ಗಡಿಯಾರ ನಿದ್ದೆಯ ಕಡೆಗೇ ಎಳೆಯುತ್ತದೆ. ರೆಪ್ಪೆ ಮುಚ್ಚಿದ್ದು ಎಷ್ಟು ಹೊತ್ತೆಂಬುದು ತೂಕಡಿಸಿದವನಿಗೇ ತಿಳಿಯದು. ಗಂಟೆಗೆ 80 ಕಿಲೋಮೀಟರ್ ವೇಗದ ಲಾರಿ ಮೂರು ಸೆಕೆಂಡಿನಲ್ಲಿ ಸುಮಾರು 67 ಮೀಟರ್ ಮುಂದೆ ಹೋಗಿರುತ್ತದೆ. ಆ ಹೊತ್ತಿನಲ್ಲಿ ರಾಣೆಬೆನ್ನೂರಿನ ಹೆದ್ದಾರಿ ಬದಿಯಲ್ಲಿ ಲಾರಿ ನಿಲ್ಲಿಸಿ ಅರ್ಧ ಗಂಟೆ ಮಲಗುವವನನ್ನು ಸೋಮಾರಿ ಎನ್ನಬಾರದು.