ಸೀದಾ ಒಂದು, ಉಲ್ಟಾ ಒಂದು: ಕಾರ್ಡಿಗನ್ ಕಲಿಸುವ ವಿಜ್ಞಾನ

ಗುಂಡಿಯಿಲ್ಲದ, ಮುಂಭಾಗ ತೆರೆದಿರುವ ಉಲ್ಲನ್ ಕಾರ್ಡಿಗನ್ ನಮಗೆಲ್ಲ ಪರಿಚಿತ ಉಡುಪು. ಚಳಿ ಬಂದರೆ ತೊಟ್ಟರಾಯಿತು, ಬಿಸಿಲೇರಿದರೆ ತೆಗೆದಿಟ್ಟರಾಯಿತು. ಆದರೆ ಅದನ್ನು ಕೈಯಲ್ಲಿ ಹೆಣೆಯಲು ಕುಳಿತರೆ ಗಣಿತ ಮತ್ತು ಭೌತಶಾಸ್ತ್ರದ ಪಾಠಗಳೆರಡೂ ಒಟ್ಟಿಗೇ ಶುರುವಾಗುತ್ತವೆ ಎಂದರೆ ಹಲವರು ನಂಬಲಿಕ್ಕಿಲ್ಲ.

ಹೆಸರಿನ ಹಿಂದೆ ಒಂದು ಯುದ್ಧವಿದೆ. ಕ್ರಿಮಿಯಾ ಯುದ್ಧದಲ್ಲಿ, 1854ರ ಅಕ್ಟೋಬರ್ 25ರಂದು, ಬಾಲಕ್ಲಾವಾ ಎಂಬಲ್ಲಿ ಬ್ರಿಟಿಷ್ ಅಶ್ವದಳದ ದಾಳಿಯ ಮುಂದಾಳತ್ವ ವಹಿಸಿದವನು ಕಾರ್ಡಿಗನ್‌ನ ಏಳನೆಯ ಅರ್ಲ್ ಜೇಮ್ಸ್ ಬ್ರಡೆನೆಲ್. ಮುಂದೆ ತೆರೆದ ಈ ಉಣ್ಣೆಯ ಅಂಗಿಗೆ ಅವನ ಹೆಸರೇ ಉಳಿಯಿತು. ನಾವು ‘ಮಂಕಿ ಕ್ಯಾಪ್’ ಎನ್ನುವ ಟೋಪಿಗೆ ಇಂಗ್ಲಿಷಿನಲ್ಲಿ ಬಾಲಕ್ಲಾವಾ ಎಂಬ ಹೆಸರು ಬಂದದ್ದೂ ಅದೇ ಊರಿನಿಂದ.

ಇರುವುದು ಎರಡೇ

ಹೆಣಿಗೆಯ ವಿನ್ಯಾಸಗಳು ಎಣಿಕೆಗೆ ಸಿಗದಷ್ಟಿವೆ. ಅವುಗಳಲ್ಲಿ ಬಹುಪಾಲಿನ ಮೂಲದಲ್ಲಿರುವುದು ಮಾತ್ರ ಎರಡೇ ಹೆಣಿಗೆ: ಸೀದಾ ಮತ್ತು ಉಲ್ಟಾ. ಪುಸ್ತಕಗಳಲ್ಲಿ ಇವನ್ನು ನಿಟ್, ಪರ್ಲ್ ಎನ್ನುತ್ತಾರೆ. ಕುಣಿಕೆಯನ್ನು ಹಿಂದಿನಿಂದ ಮುಂದಕ್ಕೆ ಎಳೆದರೆ ಸೀದಾ, ಮುಂದಿನಿಂದ ಹಿಂದಕ್ಕೆ ಎಳೆದರೆ ಉಲ್ಟಾ. ಸೀದಾ ಎಂಬುದರ ಬೆನ್ನೇ ಉಲ್ಟಾ. ಈ ಒಂದು ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎರಡೇ ಇದ್ದರೆ ಎಷ್ಟು ವಿನ್ಯಾಸ ಸಾಧ್ಯ? ಹತ್ತು ಕುಣಿಕೆ, ಹತ್ತು ಸಾಲಿನ ಪುಟ್ಟ ಚೌಕದಲ್ಲಿ ಇರುವುದು ನೂರು ಕುಣಿಕೆ. ಪ್ರತಿಯೊಂದಕ್ಕೂ ಎರಡು ಆಯ್ಕೆ. ಎರಡನ್ನು ನೂರು ಬಾರಿ ಗುಣಿಸಿದರೆ 31 ಅಂಕಿಗಳ ಸಂಖ್ಯೆ ಬರುತ್ತದೆ! ಸೊನ್ನೆ ಮತ್ತು ಒಂದರಿಂದಲೇ ಕಂಪ್ಯೂಟರ್ ಎಲ್ಲವನ್ನೂ ಬರೆಯುವುದು ಹೇಗೆಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಸುಲಭದ ಉದಾಹರಣೆ ಸಿಗದು.

ಅಂಚು ಸುರುಳಿ ಸುತ್ತುವುದೇಕೆ?

ಒಂದು ಬದಿ ಪೂರ್ತಿ ಸೀದಾ, ಇನ್ನೊಂದು ಬದಿ ಪೂರ್ತಿ ಉಲ್ಟಾ ಕಾಣುವಂತೆ ಹೆಣೆದ ತುಂಡನ್ನು ಮೇಜಿನ ಮೇಲಿಡಿ. ಅದು ಚಪ್ಪಟೆಯಾಗಿ ಮಲಗುವುದಿಲ್ಲ. ಮೇಲಿನ ಮತ್ತು ಕೆಳಗಿನ ಅಂಚು ಮುಂದಕ್ಕೆ, ಎಡಬಲದ ಅಂಚು ಹಿಂದಕ್ಕೆ ಸುತ್ತಿಕೊಳ್ಳುತ್ತವೆ. ಕಾರಣ ಸರಳ. ಬಗ್ಗಿಸಿದ ದಾರಕ್ಕೆ ಮತ್ತೆ ನೆಟ್ಟಗಾಗುವ ಒತ್ತಾಯವಿರುತ್ತದೆ; ಅದೇ ಸ್ಥಿತಿಸ್ಥಾಪಕತ್ವ. ಎಲ್ಲ ಕುಣಿಕೆಗಳೂ ಒಂದೇ ಕಡೆಗೆ ಬಗ್ಗಿದ್ದರೆ ಆ ಒತ್ತಾಯಗಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಪುಲ್‌ಓವರ್‌ನಲ್ಲಿ ಎಡಬಲದ ಅಂಚುಗಳು ಹೊಲಿಗೆಯೊಳಗೆ ಅಡಗುತ್ತವೆ. ತೆರೆದ ಕಾರ್ಡಿಗನ್‌ನಲ್ಲಿ ಅವು ಎದುರಿಗೇ ಇರುತ್ತವೆ, ಹಿಡಿದಿಡಲು ಗುಂಡಿಯೂ ಇಲ್ಲ. ಇದಕ್ಕೆ ಮದ್ದು ಹೆಣಿಗೆಯಲ್ಲೇ ಇದೆ. ಸೀದಾ–ಉಲ್ಟಾಗಳನ್ನು ಒಂದರ ಪಕ್ಕ ಒಂದು, ಒಂದರ ಮೇಲೆ ಇನ್ನೊಂದು ಬರುವಂತೆ ಹೆಣೆದರೆ ಎರಡೂ ಕಡೆಯ ಎಳೆತ ಸರಿದೂಗಿ ಬಟ್ಟೆ ಚಪ್ಪಟೆಯಾಗಿ ನಿಲ್ಲುತ್ತದೆ. ಮೈತುಂಬ ಸಬ್ಬಕ್ಕಿ ಹರಡಿದಂತೆ ಕಾಣುವ ಇದಕ್ಕೆ ಮಾಸ್ ಹೆಣಿಗೆ ಎಂದು ಹೆಸರು. ಅದರ ಉಬ್ಬುತಗ್ಗು ಬರೀ ಅಂದಕ್ಕಲ್ಲ. ಗಾಳಿ ಶಾಖವನ್ನು ಸುಲಭವಾಗಿ ಹಾಯಗೊಡುವುದಿಲ್ಲ. ಉಬ್ಬುಗಳ ನಡುವೆ ನಿಂತ ಗಾಳಿಯೇ ನಮ್ಮನ್ನು ಬೆಚ್ಚಗಿಡುವುದು.

ಇದು ಅಜ್ಜಿಯರ ಲೆಕ್ಕ ಮಾತ್ರವಲ್ಲ. ಅಮೆರಿಕದ ಜಾರ್ಜಿಯಾ ಟೆಕ್‌ನ ಭೌತವಿಜ್ಞಾನಿ ಎಲಿಸಬೆಟ್ಟಾ ಮಾತ್ಸುಮೊಟೊ ಅವರ ತಂಡ ಇಂಥದೇ ನಾಲ್ಕು ಹೆಣಿಗೆಗಳನ್ನು ಎಳೆದು ಅಳೆದು, 2024ರಲ್ಲಿ ‘ನೇಚರ್ ಕಮ್ಯುನಿಕೇಷನ್ಸ್’ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿತು. ದಾರ ಅದೇ ಇದ್ದರೂ ಸೀದಾ–ಉಲ್ಟಾಗಳ ಜೋಡಣೆ ಬದಲಾದರೆ ಬಟ್ಟೆ ಹಿಗ್ಗುವ ರೀತಿಯೂ ಬದಲಾಗುತ್ತದೆ ಎಂದು ಅದು ತೋರಿಸಿತು.

ಮೊದಲು ಅಳತೆ

ಎಂಟನೇ ನಂಬರಿನ ಕಡ್ಡಿ ಎಂದರೆ ಹಳೆಯ ಬ್ರಿಟಿಷ್ ಲೆಕ್ಕದಲ್ಲಿ 4 ಮಿ.ಮೀ. ದಪ್ಪ. ನಂಬರು ಹೆಚ್ಚಿದಷ್ಟೂ ಕಡ್ಡಿ ತೆಳು. ಕಾರ್ಡಿಗನ್ ಶುರುಮಾಡುವ ಮೊದಲು ಅದೇ ದಾರ, ಅದೇ ಕಡ್ಡಿ, ಅದೇ ವಿನ್ಯಾಸದಲ್ಲಿ ಅಂಗೈಯಗಲದ ಮಾದರಿ ಹೆಣೆದು, 10 ಸೆಂ.ಮೀ.ಗೆ ಎಷ್ಟು ಕುಣಿಕೆ ಎಂದು ಎಣಿಸಬೇಕು. 20 ಬಂತೆನ್ನಿ. ಎದೆಸುತ್ತು 80 ಸೆಂ.ಮೀ. ಬೇಕಾದರೆ 160 ಕುಣಿಕೆ: ಬೆನ್ನಿಗೆ 80, ಮುಂಭಾಗದ ಎರಡು ಹೋಳಿಗೆ ತಲಾ 40.

ಮಾದರಿಯ ಗೊಡವೆಗೇ ಹೋಗದೆ 160 ಹಾಕಿದರೋ? ನಿಮ್ಮ ಕೈ ಸಡಿಲವಾಗಿ 10 ಸೆಂ.ಮೀ.ಗೆ 18 ಕುಣಿಕೆಯಷ್ಟೇ ಬಂದರೆ ಎದೆಸುತ್ತು 89 ಸೆಂ.ಮೀ. ಆಗುತ್ತದೆ. ಬಿಗಿಯಾಗಿ 22 ಬಂದರೆ 73ಕ್ಕೆ ಇಳಿಯುತ್ತದೆ. ಎರಡು ಕುಣಿಕೆಯ ವ್ಯತ್ಯಾಸಕ್ಕೆ ಉಡುಪು ಅಣ್ಣನಿಗೂ ಆಗಬಹುದು, ತಂಗಿಗೂ ಆಗಬಹುದು. ಉದ್ದೇಶಿಸಿದವರಿಗೆ ಮಾತ್ರ ಆಗದು! ಅನುಪಾತದ ಲೆಕ್ಕ ಎಲ್ಲಿ ಬೇಕಾಗುತ್ತದೆಂದು ಕೇಳುವ ಮಕ್ಕಳಿಗೆ ಉತ್ತರ ಇಲ್ಲಿದೆ.

ಬೆಸ–ಸಮದ ಆಟ

ಮಾಸ್ ಹೆಣಿಗೆಗೆ ಒಂದು ಸುಲಭ ಸೂತ್ರವಿದೆ. ಕುಣಿಕೆಗಳು ಬೆಸಸಂಖ್ಯೆಯಲ್ಲಿರಲಿ, ಪ್ರತಿ ಸಾಲನ್ನೂ ‘ಸೀದಾ ಒಂದು, ಉಲ್ಟಾ ಒಂದು’ ಎನ್ನುತ್ತ ಹೆಣೆದು ಸೀದಾದಲ್ಲಿ ಮುಗಿಸಿ. ತಿರುಗಿಸಿದಾಗ ಆ ಕೊನೆಯ ಸೀದಾ ಉಲ್ಟಾ ಆಗಿ ಕಾಣುತ್ತದೆ, ಅದರ ಮೇಲೆ ಹೊಸ ಸೀದಾ ಬೀಳುತ್ತದೆ. ಆದ್ದರಿಂದ ನಮ್ಮ ಬೆನ್ನಿಗೆ 80ರ ಬದಲು 81, ಮುಂಭಾಗಗಳಿಗೆ 41. ಹೆಚ್ಚಿನ ಕುಣಿಕೆ ಪಕ್ಕದ ಹೊಲಿಗೆಯಲ್ಲಿ ಸೇರಿಹೋಗುತ್ತದೆ. ಇದೇ ಸೂತ್ರವನ್ನು ಸಮಸಂಖ್ಯೆಗೆ ಹಾಕಿದರೆ ಸೀದಾ ಮೇಲೆ ಸೀದಾ ಕೂತು, ಸಬ್ಬಕ್ಕಿಯ ಬದಲು ಉದ್ದುದ್ದ ಗೆರೆಗಳ ‘ರಿಬ್’ ಬರುತ್ತದೆ.

ಸೂತ್ರ ಕೈಕೊಟ್ಟಾಗ

ಕುತ್ತಿಗೆಯ ತನಕ ಬಾಯಿಪಾಠವೇ ಸಾಕು. ಅಲ್ಲಿ ಇಳಿಜಾರು ಬರಲು ಎರಡು ಕುಣಿಕೆ ಸೇರಿಸಿ ಒಂದು ಮಾಡಬೇಕು. 41 ಇದ್ದದ್ದು 40 ಆಯಿತು. ಸೂತ್ರವನ್ನಷ್ಟೇ ನೆಚ್ಚಿದವರ ಕೆಲಸ ಇಲ್ಲಿಂದ ಕೆಡುತ್ತದೆ. ತಿಳಿದು ಹೆಣೆದವರು ಕಡ್ಡಿಯ ಮೇಲಿನ ಕುಣಿಕೆಯನ್ನು ನೋಡುತ್ತಾರೆ: ಎದುರಿಗೆ ಗಂಟಿನಂಥ ಉಬ್ಬು ಕಂಡರೆ ಸೀದಾ, ನಯವಾಗಿ ಕಂಡರೆ ಉಲ್ಟಾ. ಅವರಿಗೆ ಬೆಸವೂ ಒಂದೇ, ಸಮವೂ ಒಂದೇ.

ತರಗತಿಯಲ್ಲಿ ನಾನು ವರ್ಷವರ್ಷವೂ ಕಾಣುವುದು ಇದನ್ನೇ. ಸೂತ್ರ ಒಪ್ಪಿಸುವ ಮಕ್ಕಳು ಬಹಳ. ಪ್ರಶ್ನೆಯ ರೂಪ ಸ್ವಲ್ಪ ಬದಲಾದರೆ ಪೆನ್ನು ಕೆಳಗಿಡುವವರೂ ಬಹಳ. ಅವರಿಗೆ ಬುದ್ಧಿ ಕಡಿಮೆಯೆಂದಲ್ಲ, ಸೂತ್ರ ಏಕೆ ನಿಲ್ಲುತ್ತದೆ, ಎಲ್ಲಿ ಬೀಳುತ್ತದೆ ಎಂದು ಕೈಯಾರೆ ಮುಟ್ಟಿ ನೋಡುವ ಅವಕಾಶವೇ ಸಿಕ್ಕಿರುವುದಿಲ್ಲ.

ಪರೀಕ್ಷೆಯ ವರ್ಷ ಇದೆಲ್ಲ ಏಕೆ ಎಂದು ತಾಯಿತಂದೆಯರು ಕೇಳಬಹುದು. ದಿನಕ್ಕೆ ಅರ್ಧ ಗಂಟೆ ಸಾಕು. ಇದು ಹುಡುಗಿಯರ ಕೆಲಸ ಎಂಬ ಸಂಕೋಚವೂ ಬೇಡ. ಹಿಂದೆ ಯುರೋಪಿನ ಹೆಣಿಗೆಯ ವೃತ್ತಿಸಂಘಗಳಲ್ಲಿದ್ದವರು ಹೆಚ್ಚಾಗಿ ಗಂಡಸರೇ. ಈ ರಜೆಯಲ್ಲಿ ಎರಡು ಕಡ್ಡಿ, ಒಂದು ಉಂಡೆ ಉಲ್ಲನ್ ಕೊಡಿಸಿ. ಮೊದಲು ಏಳು ಕುಣಿಕೆಯಲ್ಲೊಂದು, ಎಂಟು ಕುಣಿಕೆಯಲ್ಲೊಂದು ಪಟ್ಟಿ ಅದೇ ಸೂತ್ರದಿಂದ ಹೆಣೆಯಲಿ. ಎರಡೂ ಬೇರೆಯಾದದ್ದೇಕೆಂದು ಮಗು ತಾನೇ ವಿವರಿಸಲಿ. ತಪ್ಪಿದರೆ ಬಿಚ್ಚಿ ಮತ್ತೆ ಹೆಣೆಯಬಹುದು, ದಾರ ಎಲ್ಲಿಗೂ ಹೋಗುವುದಿಲ್ಲ. ಕಾರ್ಡಿಗನ್ ಮುಂದಿನ ಚಳಿಗಾಲದ ಹೊತ್ತಿಗೆ ಮುಗಿದರೂ ಸಾಕು.