ಸೃಷ್ಟಿಯ ಆರು ದಿನಗಳು: ಎಷ್ಟು ಗಂಟೆಯ ದಿನಗಳು?

ಸೊಲ್ಲಾಪುರದಿಂದ ಅಕ್ಕಲಕೋಟಕ್ಕೆ ಸುಮಾರು 40 ಕಿಲೋಮೀಟರ್ ದಾರಿ. ಎರಡೂ ಬದಿಗೆ ಕರಿ ಎರೆ ಹೊಲಗಳು; ಜೋಳ, ಕಡಲೆ, ತೊಗರಿ. ಮಹಾರಾಷ್ಟ್ರದ ನೆಲವಾದರೂ ಮನೆಮಾತು ಕನ್ನಡವೇ ಆಗಿರುವ ಊರುಗಳು ಈ ತಾಲ್ಲೂಕಿನಲ್ಲಿ ಬಹಳ. ಅಂಥದೊಂದು ಊರಿನ ಮನೆಗೆ ಜಪಮಾಲೆ ಪ್ರಾರ್ಥನೆಗೆಂದು ಹೋಗಿದ್ದೆವು. ಪ್ರಾರ್ಥನೆ ಮುಗಿದು ಚಹಾ ಕುಡಿಯುವಾಗ, ಸೊಲ್ಲಾಪುರದಲ್ಲಿ ಕಾಲೇಜು ಓದುತ್ತಿದ್ದ ಆ ಮನೆಯ ಹುಡುಗ ಕೇಳಿದ:

"ಫಾದರ್, ನಮ್ಮ ಬಾವ್ಯಾಗಿನ ಕಲ್ಲು ಆರೂವರಿ ಕೋಟಿ ವರ್ಷದ್ದಂತ ಸರ್ ಕಲಿಸ್ಯಾರ. ದೇವರು ಆರ ದಿನದಾಗ ಜಗತ್ತು ಮಾಡಿದಾ ಅಂತ ನೀವು ಕಲಿಸೀರಿ. ಎರಡರಾಗ ಯಾವುದು ಖರೇ ರೀ?"

ಅವನ ಅಜ್ಜಿ ಗದರಿಸಿದರು. ಆದರೆ ಹುಡುಗ ಚೇಷ್ಟೆಗೆ ಕೇಳಿರಲಿಲ್ಲ. ಹಾಸ್ಟೆಲಿನ ಗೆಳೆಯನೊಬ್ಬ ಬೈಬಲ್ ಬರೀ ಕಟ್ಟುಕಥೆ ಎಂದು ಹಾಸ್ಯ ಮಾಡಿದ್ದ. ಇನ್ನೊಬ್ಬ ಅವನನ್ನು ಒಂದು ಪ್ರಾರ್ಥನಾ ಕೂಟಕ್ಕೆ ಕರೆದೊಯ್ದಿದ್ದ. ಅಲ್ಲಿ, 24 ಗಂಟೆಯ ಆರು ದಿನಗಳನ್ನು ನಂಬದವನು ಕ್ರೈಸ್ತನೇ ಅಲ್ಲ ಎಂದು ಹೇಳಿದ್ದರು. ಇಬ್ಬರ ನಡುವೆ ಸಿಕ್ಕಿಬಿದ್ದ ಹುಡುಗ ಮೂರು ತಿಂಗಳಿಂದ ಭಾನುವಾರದ ಬಲಿಪೂಜೆಗೇ ಹೋಗಿಲ್ಲವೆಂದು ಆಮೇಲೆ ತಿಳಿಯಿತು. ನಮ್ಮ ಎಷ್ಟೋ ಮನೆಗಳ ಮಕ್ಕಳು ಇದೇ ಪ್ರಶ್ನೆಯನ್ನು ಬಾಯಿಬಿಟ್ಟು ಕೇಳದೆ ದೂರ ಸರಿಯುತ್ತಿದ್ದಾರೆ. ಆದ್ದರಿಂದ ಅವನಿಗೆ ಹೇಳಿದ್ದನ್ನು ಓದುಗರ ಮುಂದೆಯೂ ಇಡುತ್ತಿದ್ದೇವೆ.

ಬಾವಿ ಹೇಳುವ ಮಾತು

ಮೊದಲು ಹುಡುಗನನ್ನು ಕರೆದುಕೊಂಡು ಬಾವಿಯ ಬಳಿಗೇ ಹೋದೆವು. ಸೊಲ್ಲಾಪುರ, ಅಕ್ಕಲಕೋಟದ ನೆಲವೆಲ್ಲ ದಖ್ಖನದ ಕರಿಕಲ್ಲಿನ ಮೇಲೆ ನಿಂತಿದೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ ಹರಿದ ಲಾವಾರಸ ಪದರ ಪದರವಾಗಿ ಹೆಪ್ಪುಗಟ್ಟಿ ಈ ಕಲ್ಲಾಯಿತು. ಅದೇ ಕಲ್ಲು ಬಿಸಿಲು ಮಳೆಗೆ ಸವೆದು ನಮ್ಮ ಜೋಳ ಬೆಳೆಯುವ ಎರೆ ಮಣ್ಣಾಯಿತು. ಎರಡು ಕಲ್ಲಿನ ಪದರಗಳ ನಡುವೆ ಕೆಲವೆಡೆ ಕೆಂಪು ಮಣ್ಣಿನ ತೆಳು ಪಟ್ಟಿ ಕಾಣುತ್ತದೆ. ಒಂದು ಸಲದ ಲಾವಾ ಆರಿ, ಅದರ ಮೇಲ್ಭಾಗ ಸವೆದು ಮಣ್ಣಾದ ಮೇಲೆ ಇನ್ನೊಂದು ಸಲದ ಲಾವಾ ಹರಿದಿದೆ ಎಂಬುದಕ್ಕೆ ಅದೇ ಸಾಕ್ಷಿ. ಇದು ಒಂದೆರಡು ದಿನದ ಕೆಲಸವಲ್ಲ. ಭೂಮಿಗೆ ಸುಮಾರು 454 ಕೋಟಿ ವರ್ಷ, ವಿಶ್ವಕ್ಕೆ ಸುಮಾರು 1380 ಕೋಟಿ ವರ್ಷ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ವಿಶ್ವ ಒಂದು ಆದಿಬಿಂದುವಿನಿಂದ ಹಿಗ್ಗಿತೆಂಬ ವಾದವನ್ನು 1931ರಲ್ಲಿ ಮಂಡಿಸಿದವರು ಬೆಲ್ಜಿಯಮ್ಮಿನ ಕಥೋಲಿಕ ಗುರು ಜಾರ್ಜ್ ಲೆಮೇತ್ರ್ ಎಂಬುದನ್ನು ಮರೆಯಬಾರದು. ಕಲ್ಲನ್ನು ಮಾಡಿದವರೂ ದೇವರೇ. ಆ ಕಲ್ಲು ಸುಳ್ಳು ಹೇಳುವುದಿಲ್ಲ.

'ದಿನ' ಎಂದರೇನು?

ಹಾಗಾದರೆ ಬೈಬಲ್ ಸುಳ್ಳು ಹೇಳುತ್ತದೆಯೇ? ಇಲ್ಲ. ಆದಿಕಾಂಡದಲ್ಲಿ ಬರುವ ಹಿಬ್ರೂ ಪದ 'ಯೋಮ್'. ಸೃಷ್ಟಿಯ ವೃತ್ತಾಂತದಲ್ಲಿಯೇ ಅದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ.

1. ಆದಿಕಾಂಡ 1:5ರಲ್ಲಿ ದೇವರು ಬೆಳಕಿಗೆ 'ಯೋಮ್' ಎಂದು ಹೆಸರಿಡುತ್ತಾರೆ. ಇಲ್ಲಿ ಅದು ರಾತ್ರಿಗೆ ಎದುರಾದ ಹಗಲು.

2. ಅದೇ ವಚನದ ಕೊನೆಗೆ ಸಂಜೆ, ಬೆಳಗು ಎರಡೂ ಕೂಡಿದ ಪೂರ್ಣ ದಿನ.

3. ಆದಿಕಾಂಡ 2:4ರಲ್ಲಿ ದೇವರು ಭೂಮ್ಯಾಕಾಶಗಳನ್ನು ಉಂಟುಮಾಡಿದ ಇಡೀ ಕಾಲಕ್ಕೆ ಅದೇ ಪದ ಬರುತ್ತದೆ.

ಇದನ್ನು ವಿವರಿಸುತ್ತಿದ್ದಾಗ, ಆಗಲೇ ಗದರಿಸಿದ್ದ ಅಜ್ಜಿಯೇ ನಮ್ಮ ನೆರವಿಗೆ ಬಂದರು. "ನಿಮ್ಮವ್ವಗ ನಿನ್ನ ಬಸರಾಗಿದ್ದಾಗ ದಿನ ತುಂಬ್ಯಾವ ಅಂತಿದ್ದಿವಿ. ಅವೇನು ಒಂದೆರಡು ದಿನಾ ಏನೋ?" ಎಂದರು. ದಿನಗೂಲಿಯವನಿಗೆ ದಿನವೆಂದರೆ ಹೊತ್ತು ಮೂಡಿದಾಗಿನಿಂದ ಮುಳುಗುವ ತನಕ. ಮುಪ್ಪಾದವರು 'ನಮ್ಮ ದಿನಗಳಲ್ಲಿ' ಎಂದರೆ ಒಂದು ತಲೆಮಾರು. ನಮ್ಮ ಭಾಷೆಗಿರುವ ಸ್ವಾತಂತ್ರ್ಯ ಪವಿತ್ರ ಗ್ರಂಥದ ಭಾಷೆಗೂ ಇದೆ. ದೇವರಿಗೆ ಸಾವಿರ ವರ್ಷ ಕಳೆದುಹೋದ ನಿನ್ನೆಯಂತೆ ಎಂಬ ಭಾವ ಕೀರ್ತನೆ 90:4ರಲ್ಲಿಯೂ 2 ಪೇತ್ರ 3:8ರಲ್ಲಿಯೂ ಇದೆ.

ಆದರೆ ಒಂದು ಎಚ್ಚರಿಕೆ. ಹಾಗಾದರೆ ಒಂದೊಂದು ದಿನವೂ ಇಷ್ಟಿಷ್ಟು ಕೋಟಿ ವರ್ಷ ಎಂದು ಕೆಲವರು ಲೆಕ್ಕ ಕೂಡಿಸಲು ಹೊರಡುತ್ತಾರೆ. ಆ ಲೆಕ್ಕ ಕೂಡುವುದಿಲ್ಲ. ಗಿಡಮರಗಳು ಮೂರನೆಯ ದಿನ ಹುಟ್ಟುತ್ತವೆ, ಸೂರ್ಯ ಬರುವುದು ನಾಲ್ಕನೆಯ ದಿನ. ಹಕ್ಕಿಗಳು ಐದನೆಯ ದಿನ, ನೆಲದ ಪ್ರಾಣಿಗಳು ಆರನೆಯ ದಿನ. ಆದರೆ ಕಲ್ಲಿನಲ್ಲಿ ಉಳಿದ ಪಳೆಯುಳಿಕೆಗಳಲ್ಲಿ ನೆಲದ ಪ್ರಾಣಿಗಳೇ ಹಕ್ಕಿಗಳಿಗಿಂತ ಹಳೆಯವು. ಇನ್ನು ಎರಡನೆಯ ಅಧ್ಯಾಯದಲ್ಲಿ ಮನುಷ್ಯನ ತರುವಾಯ ತೋಟ ಬರುತ್ತದೆ. ಎರಡೂ ವೃತ್ತಾಂತಗಳನ್ನು ಅಕ್ಕಪಕ್ಕ ಇಟ್ಟವರಿಗೆ ಈ ವ್ಯತ್ಯಾಸ ಕಾಣದೆ ಇರಲಿಲ್ಲ. ಅವರು ಬರೆದದ್ದು ದಿನಚರಿಯಲ್ಲ.

ದೇವರ ಮನೆ ಕಟ್ಟಿದ ಕ್ರಮ

ಈ ವಾರವನ್ನು ಗಮನಿಸಿ ನೋಡಿ. ಮೊದಲ ಮೂರು ದಿನ ದೇವರು ಜಾಗ ಸಿದ್ಧಮಾಡುತ್ತಾರೆ: ಬೆಳಕು-ಕತ್ತಲೆ, ಆಕಾಶ-ನೀರು, ನೆಲ-ಹಸಿರು. ಮುಂದಿನ ಮೂರು ದಿನ ಅದೇ ಕ್ರಮದಲ್ಲಿ ಆ ಜಾಗಗಳನ್ನು ತುಂಬುತ್ತಾರೆ: ಸೂರ್ಯಚಂದ್ರರು, ಹಕ್ಕಿ-ಮೀನುಗಳು, ಪ್ರಾಣಿಗಳು ಮತ್ತು ಮಾನವ. ಮೊದಲು ಮನೆ, ಆಮೇಲೆ ಮನೆಮಂದಿ. ಈ ಅಧ್ಯಾಯ ಇಂದಿನ ರೂಪಕ್ಕೆ ಬಂದದ್ದು ಕ್ರಿಸ್ತಪೂರ್ವ 6ನೇ ಶತಮಾನದ ಬಾಬಿಲೋನಿಯ ಸೆರೆವಾಸದ ಸುಮಾರಿಗೆ ಎಂದು ಬಹುಮಂದಿ ಪಂಡಿತರು ಹೇಳುತ್ತಾರೆ. ಅಲ್ಲಿ ಸೂರ್ಯಚಂದ್ರರೇ ದೇವರುಗಳು. ಸೋತು ಸೆರೆಯಾದ ಜನರಿಗೆ ಈ ವೃತ್ತಾಂತ, ಅವು ದೇವರು ತೂಗುಹಾಕಿದ ಎರಡು ದೀಪಗಳು ಮಾತ್ರ ಎಂದು ಧೈರ್ಯ ಹೇಳಿತು. ಅವುಗಳ ಹೆಸರನ್ನು ಸಹ ಹೇಳದೆ ದೊಡ್ಡ ಬೆಳಕು, ಚಿಕ್ಕ ಬೆಳಕು ಎಂದಷ್ಟೇ ಕರೆಯಿತು.

ಧರ್ಮಸಭೆ ಏನೆನ್ನುತ್ತದೆ?

ವಿಜ್ಞಾನಕ್ಕೆ ಹೆದರಿ ಧರ್ಮಸಭೆ ಈಗ ಮಾತು ಬದಲಿಸಿದೆ ಎಂಬ ಆರೋಪ ಸರಿಯಲ್ಲ. ಸೂರ್ಯನಿಲ್ಲದೆ ಮೊದಲ ಮೂರು ದಿನಗಳಿಗೆ ಸಂಜೆ, ಬೆಳಗು ಎಲ್ಲಿಂದ ಎಂದು 3ನೇ ಶತಮಾನದಲ್ಲಿಯೇ ಒರಿಗೆನ್ ಕೇಳಿದ್ದರು. ಸಂತ ಅಗಸ್ಟೀನರು 5ನೇ ಶತಮಾನದ ಆರಂಭದಲ್ಲಿ ಆದಿಕಾಂಡದ ಮೇಲೆ ದೊಡ್ಡ ಗ್ರಂಥವನ್ನೇ ಬರೆದು, ದೇವರು ಎಲ್ಲವನ್ನೂ ಒಮ್ಮೆಲೇ ಸೃಷ್ಟಿಸಿದರು, ಆ ದಿನಗಳು ನಮ್ಮ ದಿನಗಳಂತಲ್ಲ ಎಂದರು. ಕ್ರೈಸ್ತನೊಬ್ಬ ಪ್ರಕೃತಿಯ ವಿಷಯದಲ್ಲಿ ತಿಳಿಯದೆ ಮಾತನಾಡಿ ಅದಕ್ಕೆ ಬೈಬಲನ್ನು ಆಧಾರ ಕೊಟ್ಟರೆ ಇತರರು ನಮ್ಮ ವಿಶ್ವಾಸವನ್ನೇ ನಗೆಪಾಟಲು ಮಾಡುತ್ತಾರೆ ಎಂದೂ ಎಚ್ಚರಿಸಿದರು. ಅತ್ತ 4ನೇ ಶತಮಾನದ ಸಂತ ಬೆಸಿಲರು 24 ಗಂಟೆಯ ದಿನಗಳೆಂದೇ ಬೋಧಿಸಿದರು. ಇಬ್ಬರೂ ಸಂತರೇ!

1909ರ ಜೂನ್ 30ರಂದು ಬೈಬಲ್ ಆಯೋಗವು 'ಯೋಮ್' ಪದವನ್ನು ಸಾಮಾನ್ಯ ದಿನವೆಂದಾಗಲಿ, ಒಂದು ಕಾಲಾವಧಿಯೆಂದಾಗಲಿ ತಿಳಿಯಬಹುದು, ಈ ಬಗ್ಗೆ ಪಂಡಿತರು ಮುಕ್ತವಾಗಿ ಚರ್ಚಿಸಬಹುದು ಎಂದಿತು. ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ, ಗ್ರಂಥಕರ್ತರು ಬಳಸಿದ ಸಾಹಿತ್ಯ ಪ್ರಕಾರವನ್ನು ಗಮನಿಸಿ ಅರ್ಥಮಾಡಬೇಕೆಂದು ಕಲಿಸಿತು. 1992ರ ಕಥೋಲಿಕ ಧರ್ಮೋಪದೇಶ ಗ್ರಂಥದ 337ನೇ ಪರಿಚ್ಛೇದವು ಈ ಆರು ದಿನಗಳನ್ನು ಸಾಂಕೇತಿಕವೆಂದೇ ವಿವರಿಸುತ್ತದೆ. ಆದ್ದರಿಂದ 24 ಗಂಟೆ ಎಂದು ನಂಬುವ ಅಜ್ಜಿಯನ್ನು ಯಾರೂ ಹೀಯಾಳಿಸುವುದು ಬೇಡ. ಹಾಗೆ ನಂಬದ ಮೊಮ್ಮಗನನ್ನು ಯಾರೂ ಹೊರಗಟ್ಟುವುದೂ ಬೇಡ. ದೇವರೇ ಸೃಷ್ಟಿಕರ್ತರು, ಸೃಷ್ಟಿ ಒಳ್ಳೆಯದು, ಮಾನವ ದೇವರ ಹೋಲಿಕೆ ಎಂಬ ಸತ್ಯಗಳನ್ನು ಇಬ್ಬರೂ ಬಿಡುವಂತಿಲ್ಲ.

ನಾವು ಮರೆತ ಏಳನೆಯ ದಿನ

ಆರು ದಿನಗಳ ಉದ್ದ ಅಳೆಯುವ ಭರದಲ್ಲಿ ನಾವು ಏಳನೆಯದನ್ನು ಮರೆಯುತ್ತೇವೆ. ವೃತ್ತಾಂತ ಸಾಗಿಬಂದಿರುವುದೇ ಅಲ್ಲಿಗೆ. ಆ ದಿನಕ್ಕೆ ಸಂಜೆಯಾಯಿತೆಂದು ಹೇಳಿಯೇ ಇಲ್ಲ. ವಿಮೋಚನಕಾಂಡ 20:10ರ ಪ್ರಕಾರ ಆ ವಿಶ್ರಾಂತಿ ಯಜಮಾನನಿಗೆ ಮಾತ್ರವಲ್ಲ. ಮಕ್ಕಳಿಗೆ, ಆಳುಗಳಿಗೆ, ದನಕರುಗಳಿಗೆ, ಪರಊರಿನವನಿಗೂ ಸೇರಿದ್ದು. ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡಬಾರದೆಂಬ ನಮ್ಮ ಕಡೆಯ ಒಕ್ಕಲುತನದ ಪದ್ಧತಿಯಲ್ಲೂ ಇಂಥದೇ ಕರುಣೆ ಇದೆ. ಎತ್ತಿಗೆ ಇರುವ ಬಿಡುವು ನಮ್ಮ ಮನೆಯ ಕೆಲಸದಾಕೆಗೆ ಇದೆಯೇ? ಸೊಲ್ಲಾಪುರದ ಮಗ್ಗಗಳಲ್ಲಿ ದುಡಿಯುವವನಿಗೆ, ಬೀಡಿ ಸುತ್ತುವ ತಾಯಿಗೆ ಇದೆಯೇ?

ಆ ಹುಡುಗನ ತಂದೆಯೂ ಪವರ್‌ಲೂಮಿನಲ್ಲಿ ದುಡಿಯುವವರು. ಅಂದು ರಾತ್ರಿಪಾಳಿ ಮುಗಿಸಿ ಬಂದು ಒಳಕೋಣೆಯಲ್ಲಿ ಮಲಗಿದ್ದರು. ನಾವು ಹೊರಟಾಗ ಹುಡುಗ, "ಹಂಗಾದ್ರ ಎರಡೂ ಖರೇನ ಅನ್ರಿ, ಫಾದರ್" ಎಂದ. ಕಲ್ಲಿನ ವಯಸ್ಸನ್ನು ಕಲ್ಲನ್ನು ಕೇಳಿ ತಿಳಿ, ನಿನ್ನ ಬೆಲೆಯನ್ನು ಬೈಬಲನ್ನು ಕೇಳಿ ತಿಳಿ ಎಂದೆವು. "ಬರೋ ಐತವಾರ ಅಪ್ಪಗ ರಜಾ ಐತ್ರಿ. ಇಬ್ಬರೂ ಪೂಜಿಗೆ ಬರ್ತೀವಿ" ಎಂದ.

ಪ್ರಿಯ ಓದುಗರೇ, ನಿಮ್ಮ ಮನೆಯ ಮಕ್ಕಳು ಇಂಥ ಪ್ರಶ್ನೆ ಕೇಳಿದರೆ ಗದರಿಸಬೇಡಿ. ಬೈಬಲ್ ತೆರೆದು ಜೊತೆಗೆ ಕುಳಿತು ಓದಿ. ಗೊತ್ತಾಗದಿದ್ದರೆ ನಿಮ್ಮ ಧರ್ಮಕೇಂದ್ರದ ಗುರುಗಳ ಬಳಿಗೆ ಕರೆತನ್ನಿ. ಈ ಭಾನುವಾರ ದೇವರ ಆ ಏಳನೆಯ ದಿನ ನಿಮ್ಮ ಮನೆಗೂ, ನಿಮ್ಮ ಮನೆಯಲ್ಲಿ ದುಡಿಯುವವರಿಗೂ ದೊರಕಲಿ.